ಸಂಗಡಿಗರು ಚದುರಿಹೋದ ಮೇಲೂ 'ದ ಲಾರ್ಡ್ ಆಫ್ ದ ರಿಂಗ್ಸ್' ಓದಬೇಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಹದಿನೈದು ವರ್ಷದ ನಿಮ್ಮ ತಂಗಿ ಟೋಲ್ಕಿನ್ ಬರೆದ ಈ ಕಾದಂಬರಿಯ ಮೂರು ಸಂಪುಟಗಳಲ್ಲಿ ಮೊದಲನೆಯದನ್ನು ಊಟ ನಿದ್ದೆ ಬಿಟ್ಟು ಓದಿದಳು. ಎರಡನೆಯದರಲ್ಲಿ ನಾಲ್ಕೈದು ಅಧ್ಯಾಯ ಆಗುವಷ್ಟರಲ್ಲಿ "ಒಟ್ಟಿಗೆ ಹೊರಟವರೆಲ್ಲ ದಿಕ್ಕಾಪಾಲಾದರು, ಫ್ರೋಡೊನ ಸುದ್ದಿಯೇ ಇಲ್ಲ, ಇನ್ನೇನು ಓದೋದು" ಎಂದು ಮುಚ್ಚಿಟ್ಟಳು. ನೀವು ಸಿನಿಮಾ ನೋಡಿದ್ದೀರಿ, ಪುಸ್ತಕ ಓದಿಲ್ಲ. ಅವಳಿಗೂ ಸಿನಿಮಾ ತೋರಿಸಿ ಕಥೆ ಮುಗಿಸಿಬಿಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ತೋರಿಸಬೇಡಿ. ಅವಳ ಸಿಟ್ಟು ಸರಿಯಾದ ಜಾಗದಲ್ಲೇ ಇದೆ. ಈ ಕಥೆಯ ಜೀವ ಇರುವುದು, ವೈರಿ ಸೌರಾನ್‌ನ ಮಾಯದ ಉಂಗುರವನ್ನು ನಾಶಮಾಡಲು ಫ್ರೋಡೊನೂ ಸೇರಿ ಒಟ್ಟಿಗೆ ಹೊರಟ ಆ ಒಂಬತ್ತು ಜನರ ಸ್ನೇಹದಲ್ಲಿ ಎಂದು ಅವಳಿಗೆ ಗೊತ್ತಾಗಿದೆ. ಆ ಸ್ನೇಹಕ್ಕೆ ನಿಜವಾದ ಕೆಲಸ ಶುರುವಾಗುವುದು ಅವರು ಬೇರೆಯಾದ ಮೇಲೆ. ಅದು ಅವಳಿಗೆ ಗೊತ್ತಾಗಬೇಕಾದರೆ ಮುಂದೆ ಓದಲೇಬೇಕು. (ಇಲ್ಲಿಂದ ಮುಂದೆ ಕಥೆಯ ಕೊನೆಯನ್ನೂ ಹೇಳಿದ್ದೇನೆ. ನಿಮಗೆ ಗೊತ್ತಿರುವುದೇ. ಅವಳಿಗೆ ಮಾತ್ರ ಇದನ್ನು ತೋರಿಸಬೇಡಿ.)

ಒಂದು ಲೆಕ್ಕ ನೋಡಿ. ಕಥೆಯ ಪಂಚಾಂಗದ ಪ್ರಕಾರ ಒಂಬತ್ತು ಜನ ಎಲ್ಫರ ಒಡೆಯ ಎಲ್ರಾಂಡನ ನೆಲೆಯಾದ ರಿವೆಂಡೆಲ್ ಬಿಡುವುದು ಡಿಸೆಂಬರ್ 25ರಂದು. ಡ್ವಾರ್ಫರ ಹಳೆಯ ನೆಲದಡಿ ನಗರ ಮೋರಿಯಾದ ಸೇತುವೆಯಿಂದ ಮಾಂತ್ರಿಕ ಗ್ಯಾಂಡಾಲ್ಫ್ ಬೀಳುವುದು ಜನವರಿ 15ರಂದು. ಅಂದರೆ ಒಂಬತ್ತೂ ಜನ ಒಟ್ಟಿಗೆ ನಡೆದದ್ದು ಬರೀ ಮೂರು ವಾರ. ಉಳಿದ ಎಂಟು ಜನ ಫೆಬ್ರವರಿ 26ಕ್ಕೆ ಬೇರೆಯಾಗುತ್ತಾರೆ. ಉಂಗುರ ನಾಶವಾಗುವುದು ಮಾರ್ಚ್ 25ಕ್ಕೆ. ಆದರೂ ಓದಿದವರ ಮನಸ್ಸಿನಲ್ಲಿ ಇದು ಒಂಬತ್ತು ಜನರ ಕಥೆಯಾಗಿಯೇ ಉಳಿದಿದೆ. ಆ ಮೂರು ವಾರದಲ್ಲಿ ಅವರ ನಡುವೆ ಹುಟ್ಟಿದ್ದು ಅಷ್ಟು ಗಟ್ಟಿ.

ಹೊರಡುವ ದಿನ ಎಲ್ರಾಂಡ್ ಒಂದು ಮಾತು ಹೇಳುತ್ತಾನೆ. ಓದುವ ಅವಸರದಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಹೊಣೆ ಇರುವುದು ಉಂಗುರ ಹೊತ್ತ ಫ್ರೋಡೊನಿಗೆ ಮಾತ್ರ. ಉಳಿದವರು ತಮ್ಮ ಇಷ್ಟದಿಂದ ಬರುವವರು. ಎಲ್ಲಿ ಬೇಕಾದರೂ ನಿಲ್ಲಬಹುದು, ಹಿಂದಿರುಗಬಹುದು, ಬೇರೆ ದಾರಿ ಹಿಡಿಯಬಹುದು. ಯಾರ ಮೇಲೂ ಆಣೆಯಿಲ್ಲ. ದಾರಿ ಕತ್ತಲಾದಾಗ ಬಿಟ್ಟುಹೋಗುವವನು ನಂಬಿಕೆಗೆ ಅರ್ಹನಲ್ಲ ಎಂದು ಗಿಮ್ಲಿ ವಾದಿಸುತ್ತಾನೆ. ಕತ್ತಲೆಯನ್ನೇ ಕಾಣದವನಿಂದ ಆ ಮಾತು ಪಡೆಯುವುದು ಬೇಡ ಎಂಬ ಧಾಟಿಯಲ್ಲಿ ಎಲ್ರಾಂಡ್ ಉತ್ತರಿಸುತ್ತಾನೆ. ನಮ್ಮ ಪುರಾಣಗಳಲ್ಲಿ ಕೊಟ್ಟ ಮಾತೇ ಜನರನ್ನು ಕಟ್ಟಿಹಾಕುತ್ತದೆ. ಭೀಷ್ಮನಿಂದ ಹಿಡಿದು ದಶರಥನವರೆಗೆ ಅದೇ ಕಥೆ. ಇಲ್ಲಿ ಯಾರೂ ಮಾತು ಕೊಟ್ಟಿಲ್ಲ. ಹಾಗಾಗಿ ಮುಂದೆ ಪ್ರತಿಯೊಬ್ಬರೂ ಮಾಡುವುದೆಲ್ಲ ಅವರವರ ಮನಸ್ಸಿನಿಂದಲೇ ಬಂದದ್ದು.

ಆ ತಂಡದ ಆಯ್ಕೆಯೂ ಹಾಗೆಯೇ. ಕೊನೆಯ ಎರಡು ಜಾಗಕ್ಕೆ ತನ್ನ ಮನೆಯ ಬಲಶಾಲಿಗಳನ್ನು ಕಳಿಸುವ ಯೋಚನೆ ಎಲ್ರಾಂಡನದು. ಇಂಥ ಕೆಲಸದಲ್ಲಿ ದೊಡ್ಡ ಜಾಣತನಕ್ಕಿಂತ ಸ್ನೇಹವನ್ನು ನಂಬುವುದು ಮೇಲು ಎಂದು ಮೆರ್ರಿ ಮತ್ತು ಪಿಪ್ಪಿನ್ ಪರವಾಗಿ ಗ್ಯಾಂಡಾಲ್ಫ್ ಮಾತಾಡುತ್ತಾನೆ. ಪಿಪ್ಪಿನ್ ಆಗಿನ್ನೂ ಪ್ರಾಯಕ್ಕೆ ಬಂದವನಲ್ಲ, ಹಾಬಿಟ್‌ಗಳ (ಫ್ರೋಡೊ, ಸ್ಯಾಮ್, ಮೆರ್ರಿ, ಪಿಪ್ಪಿನ್ ಸೇರಿದ ಪುಟ್ಟ ಮೈಕಟ್ಟಿನ ಜನ) ಲೆಕ್ಕದಲ್ಲಿ ಅದು 33ಕ್ಕೆ. ನಿಮ್ಮ ತಂಗಿಗೆ ಅವನು ಹತ್ತಿರವಾಗಿದ್ದರೆ ಆಶ್ಚರ್ಯವಿಲ್ಲ.

ಗಿಮ್ಲಿ ಮತ್ತು ಲೆಗೊಲಾಸ್ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಲೆಗೊಲಾಸ್ ಎಲ್ಫ್, ಗಿಮ್ಲಿ ಕುಳ್ಳರ ಕುಲದ ಡ್ವಾರ್ಫ್. ಎಲ್ಫರಿಗೂ ಡ್ವಾರ್ಫರಿಗೂ ಹಳೆಯ ಹಗೆ. ಎಲ್ಫರ ಲಾತ್ಲೋರಿಯೆನ್ ಕಾಡಿನ ಗಡಿಯಲ್ಲಿ ಗಿಮ್ಲಿಯೊಬ್ಬನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಬೇಕು ಎನ್ನುತ್ತಾರೆ. ಅವನು ಒಪ್ಪುವುದಿಲ್ಲ. ಆಗ, ಗ್ಯಾಂಡಾಲ್ಫ್ ಬಿದ್ದ ಮೇಲೆ ತಂಡದ ಮುಂದಾಳಾದ ಆರಾಗಾರ್ನ್, ಹಾಗಿದ್ದರೆ ನಮ್ಮೆಲ್ಲರ ಕಣ್ಣಿಗೂ ಕಟ್ಟಿ ಎನ್ನುತ್ತಾನೆ. ತನ್ನದೇ ಕುಲದವರ ಕಾಡಿಗೆ ಲೆಗೊಲಾಸ್ ಕುರುಡನಂತೆ ನಡೆದುಹೋಗಬೇಕಾಗುತ್ತದೆ! ಅವನಿಗೆ ಕೆಂಡದಂಥ ಕೋಪ. ಅದೇ ಕಾಡಿನಲ್ಲಿ ಅಲ್ಲಿನ ಒಡತಿ ಗಲಾಡ್ರಿಯಲ್ ಮೋರಿಯಾದ ಹಳೆಯ ಹೆಸರುಗಳನ್ನು ಡ್ವಾರ್ಫರ ನುಡಿಯಲ್ಲೇ ಹೇಳಿದಾಗ ಗಿಮ್ಲಿಯ ಮನಸ್ಸು ಕರಗುತ್ತದೆ. ಹೊರಡುವಾಗ ಏನು ಬೇಕೆಂದರೆ ಅವನು ಕೇಳುವುದು ಅವಳ ಒಂದು ಎಳೆ ಕೂದಲು. ಅವಳು ಮೂರು ಕೊಡುತ್ತಾಳೆ. ಆಮೇಲಿಂದ ಈ ಇಬ್ಬರೂ ಬಿಟ್ಟಿರಲಾರದ ಗೆಳೆಯರು. ಹೆಲ್ಮ್ಸ್ ಡೀಪ್ ಕೋಟೆಯ ಕಾಳಗದಲ್ಲಿ ಯಾರು ಎಷ್ಟು ಜನರನ್ನು ಹೊಡೆದರೆಂದು ಲೆಕ್ಕ ಹಾಕುತ್ತ ಪೈಪೋಟಿಗೆ ಬೀಳುತ್ತಾರೆ. ಗಿಮ್ಲಿಗೆ 42, ಲೆಗೊಲಾಸ್‌ಗೆ 41. ಈ ಕಾಳಗ ಬರುವುದು ಎರಡನೆಯ ಸಂಪುಟದಲ್ಲೇ. ನಿಮ್ಮ ತಂಗಿ ಅದರ ಹೊಸ್ತಿಲಲ್ಲಿ ಪುಸ್ತಕ ಮುಚ್ಚಿದ್ದಾಳೆ.

ಈಗ ಅವಳಿಗೆ ನೋವಾದ ಜಾಗಕ್ಕೆ ಬರೋಣ. ತಂಡ ಒಡೆಯುವುದು ಗೊಂಡೋರ್ ನಾಡಿನ ವೀರ ಬೊರೊಮಿರ್‌ನಿಂದ. ಅವನು ಖಳನಲ್ಲ. ಕರಾದ್ರಾಸ್ ಬೆಟ್ಟದಲ್ಲಿ ಹಿಮ ಮುಚ್ಚಿದಾಗ ಎದೆಯಿಂದ ದಾರಿ ಸೀಳಿಕೊಂಡು ಹೋಗಿ, ಆಮೇಲೆ ಪಿಪ್ಪಿನ್‌ನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದವನು. ಸೌದೆ ತಂದಿಟ್ಟುಕೊಳ್ಳಬೇಕು ಎಂದು ಮೊದಲೇ ಯೋಚಿಸಿದವನೂ ಅವನೇ. ಅವನ ಊರು ಸಾಯುತ್ತಿದೆ, ಅದನ್ನು ಉಳಿಸುವ ಆಯುಧ ಕೈಯಳತೆಯಲ್ಲಿದೆ. ಆ ಆಸೆಗೆ ಸೋತು ಫ್ರೋಡೊನ ಮೇಲೆ ಕೈ ಮಾಡುತ್ತಾನೆ. ತಕ್ಷಣ ಮಂಕು ಹರಿದು ಅಳುತ್ತಾನೆ. ಆಮೇಲೆ ಮೆರ್ರಿ, ಪಿಪ್ಪಿನ್‌ರನ್ನು ಕಾಪಾಡಲು ಹೋಗಿ ಮೈತುಂಬ ಬಾಣ ನೆಟ್ಟು ಸಾಯುತ್ತಾನೆ. ಒಳ್ಳೆಯವರು ಒಂದು ಗಳಿಗೆ ಜಾರಬಹುದು, ಜಾರಿದ ಮೇಲೂ ಎದ್ದು ನಿಲ್ಲಬಹುದು ಎನ್ನುವುದನ್ನು ಹದಿನೈದರ ಹುಡುಗಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಪುಟಗಳನ್ನು ನಾನು ಹೆಚ್ಚು ಓದಿಲ್ಲ.

ಅಲ್ಲಿಂದ ಆರಾಗಾರ್ನ್‌ಗೆ ಇಕ್ಕಟ್ಟು. ಫ್ರೋಡೊ ದೋಣಿಯಲ್ಲಿ ಹೊಳೆ ದಾಟಿದ್ದಾನೆ, ಈಜು ಬಾರದ ಸ್ಯಾಮ್ ನೀರಿಗೆ ಹಾರಿ ಅವನ ಜೊತೆ ಸೇರಿಕೊಂಡಿದ್ದಾನೆ. ಲೋಕದ ಗತಿ ಆ ದೋಣಿಯಲ್ಲಿದೆ. ಇತ್ತ ಇಬ್ಬರು ಪುಟ್ಟ ಹಾಬಿಟ್‌ಗಳನ್ನು ಶತ್ರುಗಳು ಹೊತ್ತೊಯ್ದಿದ್ದಾರೆ. ಆರಾಗಾರ್ನ್ ಈ ಇಬ್ಬರ ಬೆನ್ನು ಹತ್ತುತ್ತಾನೆ. ನನಗಂತೂ ಪ್ರತಿ ಸಲವೂ ಪಾಂಡವರ ಮಹಾಪ್ರಸ್ಥಾನ ನೆನಪಾಗುತ್ತದೆ. ಅಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರೇ ಬೀಳುತ್ತಾರೆ, ಧರ್ಮರಾಯ ತಿರುಗಿ ನೋಡದೆ ನಡೆಯುತ್ತಾನೆ. ಅದು ಲೋಕವನ್ನು ಬಿಟ್ಟುಹೋಗುವ ಪಯಣ, ಅಲ್ಲಿ ಅದೇ ಸರಿ. ಇದು ಲೋಕವನ್ನು ಉಳಿಸಲು ಹೊರಟ ಪಯಣ. ಇಲ್ಲಿ ಬಿದ್ದವರಿಗಾಗಿ ತಿರುಗದೆ ಮುಂದೆ ಹೋಗುವಂತಿಲ್ಲ. ಲೆಕ್ಕಾಚಾರದಿಂದ ನೋಡಿದರೆ ಆರಾಗಾರ್ನ್ ಮಾಡಿದ್ದು ತಪ್ಪೆನ್ನಬಹುದು. ಆದರೆ ಆ ಇಬ್ಬರು ಹಾಬಿಟ್‌ಗಳು ಫಾಂಗಾರ್ನ್ ಕಾಡು ಸೇರಿದ್ದರಿಂದಲೇ ನಡೆದಾಡುವ ಮರಗಳಂಥ ಎಂಟ್‌ಗಳು (Ents) ಏಳುತ್ತಾರೆ, ದ್ರೋಹಿ ಮಾಂತ್ರಿಕ ಸಾರುಮಾನ್ ಸೋಲುತ್ತಾನೆ.

ಫ್ರೋಡೊನ ಸುದ್ದಿಯೇ ಇಲ್ಲ ಎಂಬ ದೂರಿಗೆ ಉತ್ತರ ಪುಸ್ತಕದ ಕಟ್ಟಡದಲ್ಲೇ ಇದೆ. ಮೂರು ಸಂಪುಟ ಎನ್ನುತ್ತೇವಾದರೂ ಟೋಲ್ಕಿನ್ ಇದನ್ನು ಒಂದೇ ಕಾದಂಬರಿಯಾಗಿ, ಆರು ಭಾಗಗಳಲ್ಲಿ ಬರೆದದ್ದು. ಯುದ್ಧದ ನಂತರ ಕಾಗದ ದುಬಾರಿಯಾಗಿದ್ದರಿಂದ ಪ್ರಕಾಶಕರು ಮೂರಾಗಿ ಹಂಚಿದರು. ಎರಡನೆಯ ಸಂಪುಟದ ಮೊದಲರ್ಧದಲ್ಲಿ ಫ್ರೋಡೊ ಇಲ್ಲವೇ ಇಲ್ಲ. ಎರಡನೆಯ ಅರ್ಧದಲ್ಲಿ ಫ್ರೋಡೊ, ಸ್ಯಾಮ್, ಅವರಿಗೆ ದಾರಿ ತೋರಿಸುವ, ಹಿಂದೆ ಉಂಗುರ ತನ್ನ ಬಳಿಯಿದ್ದ ಗೊಲ್ಲಮ್ ಇದ್ದಾರೆ, ಹಳೆಯ ಸಂಗಡಿಗರಲ್ಲಿ ಬೇರೆ ಯಾರೂ ಇಲ್ಲ. ಸಿನಿಮಾದವರು ಎರಡನ್ನೂ ಹೆಣೆದು, ಇಲ್ಲೊಂದಿಷ್ಟು ಅಲ್ಲೊಂದಿಷ್ಟು ತೋರಿಸಿದರು. ತೆರೆಗೆ ಅದು ಬೇಕಿತ್ತೇನೋ. ಆದರೆ ಅದರಿಂದ ಒಂದು ದೊಡ್ಡ ಅನುಭವ ಕೈತಪ್ಪಿತು.

ಅದೇನೆಂದರೆ, ಎರಡನೆಯ ಸಂಪುಟ ಮುಗಿಯುವುದು ಫ್ರೋಡೊ ಬದುಕಿದ್ದಾನೆ, ಆದರೆ ವೈರಿಗಳ ಕೈಗೆ ಸಿಕ್ಕಿದ್ದಾನೆ ಎಂಬಲ್ಲಿಗೆ. ಮೂರನೆಯದು ತೆರೆದರೆ ಲೇಖಕ ನಮ್ಮನ್ನು ಗೊಂಡೋರ್‌ಗೆ ಕರೆದೊಯ್ಯುತ್ತಾನೆ. ಮುತ್ತಿಗೆ, ಕಾಳಗ, ಸಾವು, ಎಲ್ಲ ನಡೆಯುತ್ತದೆ. ಫ್ರೋಡೊ ಏನಾದ ಎಂದು ಯಾರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೊನೆಗೆ ಅಳಿದುಳಿದ ಸುಮಾರು ಏಳು ಸಾವಿರ ಜನ ಸೌರಾನ್‌ನ ನಾಡಾದ ಮಾರ್ಡಾರ್‌ನ ಕಪ್ಪು ಬಾಗಿಲಿಗೆ ದಂಡು ಹೋಗುತ್ತಾರೆ. ಗೆಲ್ಲುವ ಆಸೆಯೇ ಇಲ್ಲ. ಸೌರಾನ್‌ನ ಕಣ್ಣು ತಮ್ಮ ಮೇಲಿದ್ದರೆ ಒಳಗೆಲ್ಲೋ ಇರಬಹುದಾದ ಫ್ರೋಡೊನಿಗೆ ದಾರಿ ಸಿಕ್ಕೀತು ಎಂಬುದೊಂದೇ ಲೆಕ್ಕ. ಅಲ್ಲಿ ವೈರಿಯ ದೂತ ಬಂದು ಸ್ಯಾಮ್‌ನ ಕತ್ತಿ, ಒಂದು ಬೂದು ನಿಲುವಂಗಿ, ಫ್ರೋಡೊನ ಮಿಥ್ರಿಲ್ ಲೋಹದ ಕವಚ ಎತ್ತಿ ತೋರಿಸುತ್ತಾನೆ. ಪಿಪ್ಪಿನ್ ಚೀರುತ್ತಾನೆ. ಪುಸ್ತಕ ಓದುವವರ ಎದೆಯೂ ಅಲ್ಲೇ ಒಡೆಯುತ್ತದೆ, ಏಕೆಂದರೆ ನಮಗೂ ಅಷ್ಟೇ ಗೊತ್ತು. ಸಿನಿಮಾ ನೋಡಿದವರಿಗೆ ಈ ಹೊತ್ತಿಗೆ ಫ್ರೋಡೊ, ಸ್ಯಾಮ್ ಇಬ್ಬರೂ ಮಾರ್ಡಾರ್ ಒಳಗೆ ನಡೆಯುತ್ತಿರುವುದು ಗೊತ್ತಿರುತ್ತದೆ. ಗೆಳೆಯ ಬದುಕಿದ್ದಾನೋ ಇಲ್ಲವೋ ತಿಳಿಯದೆಯೇ ಅವನಿಗಾಗಿ ಸಾಯಲು ನಿಲ್ಲುವುದು ಏನೆಂದು ಅನುಭವಿಸಬೇಕಾದರೆ ಆ ಕತ್ತಲಲ್ಲಿ ನಾವೂ ಇರಬೇಕು. ಅದಕ್ಕೇ ಸಿನಿಮಾ ಆಮೇಲೆ ಎಂದೆ.

ಫ್ರೋಡೊ ಮತ್ತು ಸ್ಯಾಮ್‌ರ ಭಾಗದ ಬಗ್ಗೆ ಒಂದು ಸಂಗತಿ. ಅದರ ಬಹುಪಾಲನ್ನು ಟೋಲ್ಕಿನ್ ಬರೆದದ್ದು 1944ರಲ್ಲಿ. ಮಗ ಕ್ರಿಸ್ಟಫರ್ ಆಗ ವಾಯುಪಡೆಯಲ್ಲಿದ್ದು, ತರಬೇತಿಗಾಗಿ ದಕ್ಷಿಣ ಆಫ್ರಿಕಾದಲ್ಲಿದ್ದ. ಅಪ್ಪ ಅಧ್ಯಾಯಗಳನ್ನು ಬರೆದಂತೆಲ್ಲ ಅವನಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಟೋಲ್ಕಿನ್ ಸ್ವತಃ 1916ರಲ್ಲಿ ಸೊಮ್ ಕದನದಲ್ಲಿ ಇದ್ದವನು. ಶಾಲೆಯಿಂದ ಜೊತೆಗಿದ್ದ ನಾಲ್ವರು ಆಪ್ತರ ಗುಂಪಿನಲ್ಲಿ ಇಬ್ಬರು ಆ ವರ್ಷವೇ ತೀರಿಕೊಂಡರು. ಕಥೆಗೆ ಇಂಥದೇ ಒಳಾರ್ಥ ಅಂಟಿಸುವುದು ಅವನಿಗೆ ಹಿಡಿಸುತ್ತಿರಲಿಲ್ಲ, ನಾನೂ ಅಂಟಿಸುವುದಿಲ್ಲ. ಆದರೆ ದೂರವಾದವರನ್ನು ನೆನೆದುಕೊಂಡು ಕೆಲಸ ಮುಂದುವರಿಸುವುದು ಹೇಗೆಂದು ಬಲ್ಲವನ ಕೈ ಇಲ್ಲಿ ಕಾಣುತ್ತದೆ.

ಆ ಭಾಗದಲ್ಲಿ ಒಂದು ದೃಶ್ಯವಿದೆ. ಮೆಟ್ಟಿಲ ಮೇಲೆ ಫ್ರೋಡೊ, ಸ್ಯಾಮ್ ನಿದ್ದೆ ಹೋಗಿದ್ದಾರೆ. ಅವರನ್ನು ಸಾವಿಗೆ ಒಪ್ಪಿಸಲು ಏರ್ಪಾಡು ಮಾಡಿಕೊಂಡೇ ಬಂದ ಗೊಲ್ಲಮ್ ನಿಂತು ನೋಡುತ್ತಾನೆ. ಮೆಲ್ಲಗೆ ಫ್ರೋಡೊನ ಮೊಣಕಾಲು ಮುಟ್ಟುತ್ತಾನೆ. ಆ ಕ್ಷಣ ಅವನು ಬದಲಾಗಬಹುದಿತ್ತು. ಸ್ಯಾಮ್ ಎಚ್ಚೆತ್ತು ಗದರಿದ, ಅಷ್ಟೇ, ಆ ಗಳಿಗೆ ಹೋಯಿತು. ತನ್ನ ಮನಸ್ಸನ್ನು ಅತಿ ಹೆಚ್ಚು ಕಲಕಿದ ಜಾಗಗಳಲ್ಲಿ ಇದೂ ಒಂದು ಎಂದು ಟೋಲ್ಕಿನ್ ಮಗನಿಗೆ ಬರೆದಿದ್ದಾನೆ. ಮುಂದೆ, ಉಂಗುರವನ್ನು ಎಸೆಯಬೇಕಾದ ಬೆಂಕಿ ಬೆಟ್ಟದ ಇಳಿಜಾರಿನಲ್ಲಿ ಅದೇ ಸ್ಯಾಮ್ ಕತ್ತಿ ಎತ್ತಿಯೂ ಗೊಲ್ಲಮ್‌ನನ್ನು ಕೊಲ್ಲದೆ ಬಿಡುತ್ತಾನೆ. ಅಷ್ಟು ಹೊತ್ತಿಗೆ ಉಂಗುರದ ಭಾರವನ್ನು ಅವನೂ ಸ್ವಲ್ಪ ಕಾಲ ಹೊತ್ತಿದ್ದಾನೆ. ಅವನು ಬಿಟ್ಟದ್ದರಿಂದಲೇ ಕಾರ್ಯ ಕೈಗೂಡುತ್ತದೆ. ಕೊನೆಯ ಅಂಚಿನಲ್ಲಿ ಫ್ರೋಡೊ ಉಂಗುರವನ್ನು ಬಿಸಾಡಲಾರದೆ ತನ್ನದೆಂದುಬಿಡುತ್ತಾನಲ್ಲ, ಆಗ ಅವನ ಬೆರಳು ಕಚ್ಚಿ ಉಂಗುರದ ಸಮೇತ ಬೆಂಕಿಗೆ ಬೀಳುವವನು ಗೊಲ್ಲಮ್.

ಸಿನಿಮಾದಲ್ಲಿ ಕಾಣದ ಇನ್ನೊಂದು ಭಾಗ ಹಾಬಿಟ್‌ಗಳ ನಾಡಾದ ಶೈರಿಗೆ ಮರಳಿದ ಮೇಲಿನ ಹೋರಾಟ. ನಾಲ್ಕೂ ಹಾಬಿಟ್‌ಗಳು ಊರಿಗೆ ಬಂದರೆ ಮರಗಳನ್ನು ಕಡಿದುಹಾಕಿದ್ದಾರೆ, ರೌಡಿಗಳ ದರ್ಬಾರು ನಡೆದಿದೆ. ಮೋರಿಯಾದಲ್ಲಿ ಬಿದ್ದರೂ ಆಮೇಲೆ ಮರಳಿ ಬಂದಿದ್ದ ಗ್ಯಾಂಡಾಲ್ಫ್ ದಾರಿಯಲ್ಲೇ ಬೀಳ್ಕೊಂಡಿದ್ದಾನೆ. ಬೇರೆ ಬೇರೆ ದಾರಿಯಲ್ಲಿ ಪಳಗಿ ಬಂದ ಮೆರ್ರಿ ಮತ್ತು ಪಿಪ್ಪಿನ್ ಈಗ ಊರವರನ್ನು ಎಬ್ಬಿಸಿ ತಾವೇ ಮುಂದೆ ನಿಲ್ಲುತ್ತಾರೆ. ಫ್ರೋಡೊ ಕತ್ತಿಯನ್ನೇ ಹಿರಿಯುವುದಿಲ್ಲ. ಶರಣಾದವರನ್ನು ಕೊಲ್ಲದಂತೆ ತಡೆಯುವುದಷ್ಟೇ ಅವನ ಕೆಲಸ. ತಂಡ ಒಡೆಯದೇ ಇದ್ದಿದ್ದರೆ ಈ ಇಬ್ಬರು ದೊಡ್ಡವರ ನೆರಳಲ್ಲೇ ಉಳಿಯುತ್ತಿದ್ದರು.

ಹದಿನೈದಕ್ಕೆ ಇದು ಹೆಚ್ಚಾಯಿತೇ ಎಂದೂ ಕೇಳಿದ್ದೀರಿ. ಇಲ್ಲ. ಇದಕ್ಕೆ ಮುಂಚಿನ 'ದ ಹಾಬಿಟ್' ಕಾದಂಬರಿಯ ಹಸ್ತಪ್ರತಿ ಓದಿ ಅಚ್ಚು ಮಾಡಬಹುದು ಎಂದು ವರದಿ ಬರೆದುಕೊಟ್ಟವನು ಪ್ರಕಾಶಕರ ಮಗ ರೇನರ್ ಅನ್ವಿನ್, ಆಗ ಅವನಿಗೆ ಹತ್ತು ವರ್ಷ, ಸಿಕ್ಕ ಸಂಭಾವನೆ ಒಂದು ಷಿಲಿಂಗ್. ದೊಡ್ಡವನಾದ ಮೇಲೆ, ನಷ್ಟವಾದರೂ ಸರಿ ಎಂದು ಈ ಮೂರು ಸಂಪುಟಗಳನ್ನು ಹೊರತರಲು ಪಟ್ಟು ಹಿಡಿದವನೂ ಅವನೇ. ಮಕ್ಕಳ ಓದಿನ ರುಚಿಯನ್ನು ನಂಬಬಹುದು.

ಇನ್ನು ಅವಳನ್ನು ಮತ್ತೆ ಕೂರಿಸುವ ಬಗೆ. ಮೊದಲ ಸಂಪುಟದ ಕೊನೆಯ ಅಧ್ಯಾಯ, ಎರಡನೆಯದರ ಮೊದಲ ಅಧ್ಯಾಯ, ಇವೆರಡನ್ನೂ ಒಟ್ಟಿಗೆ ಮತ್ತೊಮ್ಮೆ ಓದಲಿ. ಬೊರೊಮಿರ್‌ನ ಕಥೆ ಅಲ್ಲಿ ಪೂರ್ತಿಯಾಗುತ್ತದೆ. ಎರಡನೆಯ ಸಂಪುಟದ ಮೊದಲರ್ಧ ತೀರಾ ಬೇಸರವೆಂದರೂ ಹಾರಿಸಿ ಫ್ರೋಡೊನ ಭಾಗಕ್ಕೆ ಹೋಗುವುದು ಬೇಡ, ಹಾಗೆ ಮಾಡಿದರೆ ಕಪ್ಪು ಬಾಗಿಲಿನ ದೃಶ್ಯದ ಕಸುವು ಹೋಗುತ್ತದೆ. ಹಾಡುಗಳು ಕಷ್ಟವೆನಿಸಿದರೆ ಗಟ್ಟಿಯಾಗಿ ಓದಿಕೊಳ್ಳಲಿ, ಕಣ್ಣಿಗೆ ದಕ್ಕದ್ದು ಕಿವಿಗೆ ದಕ್ಕುತ್ತದೆ. ಅನುಬಂಧಗಳನ್ನು ಕೊನೆಗೆ ನೋಡಿಕೊಂಡರೆ ಸಾಕು. ನಕಾಶೆ ಮಾತ್ರ ಪಕ್ಕದಲ್ಲಿರಲಿ, ಯಾರು ಎಲ್ಲಿದ್ದಾರೆ ಎಂದು ಬೆರಳಿಟ್ಟು ನೋಡುತ್ತಿದ್ದರೆ ಬೇರೆಯಾದವರು ಎಷ್ಟು ಹತ್ತಿರ ಹತ್ತಿರವೇ ಇದ್ದಾರೆಂದು ಗೊತ್ತಾಗುತ್ತದೆ.

ಮೂರನೆಯ ಸಂಪುಟವನ್ನು ಇವತ್ತೇ ತಂದಿಟ್ಟುಕೊಳ್ಳಿ. ಮೊದಲ ಓದುಗರು ಎರಡನೆಯದನ್ನು 1954ರ ನವೆಂಬರಿನಲ್ಲಿ ಮುಗಿಸಿ, ಫ್ರೋಡೊ ಏನಾದನೆಂದು ತಿಳಿಯಲು 1955ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ನಿಮ್ಮ ತಂಗಿ ಒಂದು ರಾತ್ರಿಯೂ ಕಾಯಲಾರಳು.