ಒತ್ತಕ್ಷರ ಕಾಣಬೇಕು, ಕೈಯೂ ನೋಯಬಾರದು

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ವಯಸ್ಸು 66. ರಾತ್ರಿ ಮಲಗಿಕೊಂಡು ಇಂಗ್ಲಿಷ್ ಕಾದಂಬರಿ ಓದುತ್ತೇನೆ. ಹಗಲು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್. ಬೆಳಿಗ್ಗೆ ಇ-ಪೇಪರ್. ಮಗಳು ಕಿಂಡಲ್ ಕೊಡಿಸುತ್ತೇನೆ ಅನ್ನುತ್ತಾಳೆ, ಅಳಿಯ ಟ್ಯಾಬ್ ಅನ್ನುತ್ತಾರೆ. ಯಾವುದು ಸರಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನಿಮ್ಮ ಹಗಲಿನ ಓದಿನಿಂದಲೇ ಶುರು ಮಾಡುತ್ತೇನೆ. ನಾನು ಎಡವಿದ್ದು ಅಲ್ಲೇ.

ಕಿಂಡಲ್‌ನಂಥ, ಕಾಗದದ ಹಾಗೆ ಕಾಣುವ ಕಪ್ಪು-ಬಿಳುಪು ಪರದೆಯ 6 ಇಂಚಿನ ಇ-ಇಂಕ್ ರೀಡರ್ ಕೊಂಡ ವಾರವೇ ಹಳೆಯದೊಂದು ಪುಸ್ತಕದ ಸ್ಕ್ಯಾನ್ ತೆರೆದೆ. ಅಕ್ಷರ ಸಾಸಿವೆ ಕಾಳಿನಷ್ಟು! ಸ್ಕ್ಯಾನ್ ಅಂದರೆ ಪುಟದ ಫೋಟೊ. ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆಯೇ ಹೊರತು ಮುರಿದು ಕೆಳಗೆ ಬರುವುದಿಲ್ಲ. ಡೆಮಿ ಎನ್ನುವ ಪುಸ್ತಕದ ಅಳತೆಯ ಪುಟ ಸುಮಾರು 14 ಸೆಂ.ಮೀ. ಅಗಲ, ಆ ಪರದೆ ಸುಮಾರು 9. ಇಂಗ್ಲಿಷಾದರೆ ಹೇಗೋ ನಡೆಯುತ್ತದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದಲ್ವಾ? ಒತ್ತು ಯಾವುದು, ಹಳೆಯ ಅಚ್ಚಿನ ಮಸಿ ಚುಕ್ಕೆ ಯಾವುದು ಗೊತ್ತಾಗಲಿಲ್ಲ. ಆಮೇಲೆ ಪುಟದ ಅಂಚು ಕತ್ತರಿಸಿ, ರೀಡರನ್ನು ಅಡ್ಡ ಹಿಡಿದೆ. ಅಗಲ 12 ಸೆಂ.ಮೀ. ಸಿಕ್ಕಿತು, ಅರ್ಧರ್ಧ ಪುಟವಾಗಿ ಓದಿದೆ. ಆದರೆ ದಿನಾ ಹಾಗೆ ಓದುವುದು ಕಷ್ಟ. ಸ್ಕ್ಯಾನ್‌ಗೆ 10 ಇಂಚಿನ ಟ್ಯಾಬೇ ಸರಿ.

ಇ-ಪೇಪರಿಗೂ ಅದೇ. ಇ-ಇಂಕ್‌ನಲ್ಲಿ ಹಿಗ್ಗಿಸಿ ಸರಿಸುವುದು ನಿಧಾನ, ಪರದೆ ಮಿನುಗುತ್ತದೆ.

ರಾತ್ರಿಯ ಕಾದಂಬರಿಗೆ ಮಾತ್ರ ಮಗಳ ಮಾತೇ ಮಾತು. ಇ-ಇಂಕ್‌ನಲ್ಲಿ ಕಪ್ಪು ಬಿಳಿ ಕಣಗಳು ಪುಟ ತಿರುಗಿಸಿದಾಗ ಮಾತ್ರ ಸರಿಯುತ್ತವೆ, ಆಮೇಲೆ ಅಲ್ಲೇ ನಿಲ್ಲುತ್ತವೆ. ಅದಕ್ಕೇ ಒಂದು ಚಾರ್ಜು ವಾರಗಟ್ಟಲೆ ಬರುತ್ತದೆ. ರೀಡರಿನ ತೂಕ 200 ಗ್ರಾಮಿನ ಆಸುಪಾಸು. ದೊಡ್ಡ ಟ್ಯಾಬ್ ಅರ್ಧ ಕಿಲೋ ಹತ್ತಿರ. ಮಲಗಿ ಎತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ಮಣಿಕಟ್ಟು ಸೋಲುತ್ತದೆ. ರೀಡರಿನಲ್ಲಿ ವಾಟ್ಸಾಪ್ ಸದ್ದೂ ಇಲ್ಲದ್ದು ನನಗೆ ದೊಡ್ಡ ಸಮಾಧಾನ.

ಇನ್ನೊಂದು ಮಾತು, ಹೇಳುವಾಗ ಈಗಲೂ ಬೇಜಾರಾಗುತ್ತದೆ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ಬಂದಾಗ ಕನ್ನಡ ಇರಲಿಲ್ಲ. ಕನ್ನಡದ ಹೊಸ ಇ-ಪುಸ್ತಕಕ್ಕೆ ಮೈಲ್ಯಾಂಗ್‌ನಂಥ ಆ್ಯಪ್ ಬೇಕು, ಅದು ಟ್ಯಾಬಿನಲ್ಲಿ ಸಲೀಸು.

ಒಂದನ್ನೇ ಕೊಳ್ಳುವುದಾದರೆ ಟ್ಯಾಬ್ ತಗೊಳ್ಳಿ. ರೀಡರ್ ಮುಂದಿನ ಹುಟ್ಟುಹಬ್ಬಕ್ಕೆ ಮಗಳು ಕೊಡಿಸಲಿ. ಅಂಗಡಿಗೆ ಹೋಗುವಾಗ ನಿಮ್ಮದೇ ಪಿಡಿಎಫ್ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಒತ್ತಕ್ಷರ ಜಾಸ್ತಿ ಇರುವ ಪುಟವನ್ನು ಅಲ್ಲೇ ತೆರೆಸಿ, ಕನ್ನಡಕ ಹಾಕಿಕೊಂಡು ಓದಿ ನೋಡಿ.