ಹಾಗಾದರೆ ಅಣ್ಣ ಯಾಕೆ ಆಗಲಿಲ್ಲ?

ಪ್ರಿಯರೇ,

ಐವರ್ ಗರ್ನಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಇಂಗ್ಲೆಂಡಿನ ಈ ಸಂಗೀತಗಾರ-ಕವಿಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಭಾಷೆಯೂ ಚೆನ್ನಾಗಿದೆ. ಆದರೆ ಮೊದಲ ಸಾಲಿಗೇ ನನಗೆ ಸಿಟ್ಟು ಬಂತು.

'ಒಂದು ಗುಂಡು ಸೈನಿಕನನ್ನು ಕಲಾವಿದನನ್ನಾಗಿ ಮಾಡಿತು.' ನಿಜಾನಾ? ಆತ 1911ರಲ್ಲೇ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದ ಅಂತ ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಅದಕ್ಕೂ ಮೊದಲು ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿ ಹಾಡುತ್ತಿದ್ದ ಹುಡುಗ. ಕಣ್ಣು ಮಂದ ಅಂತ 1914ರಲ್ಲಿ ಸೈನ್ಯ ಬೇಡ ಅಂದಿತು. ಮರುವರ್ಷ ಮತ್ತೆ ಹೋಗಿ ತಾನಾಗಿಯೇ ಸೇರಿದ. ತೋಳಿಗೆ ಗುಂಡು ಬಿದ್ದದ್ದು 1917ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಕಂದಕದಲ್ಲಿ ಕೂತೇ ಕವಿತೆಗಳಿಗೆ ರಾಗ ಕೂರಿಸಿದ್ದ. ಅಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಇದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು!

ಮುಂದಿನ ಸಾಲು ಇನ್ನೂ ಕಷ್ಟ: 'ಗುಂಡು ತೋಳನ್ನು ಸೀಳಿತು, ಚೇತನವನ್ನಲ್ಲ.' ಆ ಗಾಯ ಅಂಥ ದೊಡ್ಡದಲ್ಲ. ವಾಸಿಯಾಗಿ ವಾಪಸ್ ಹೋದ, ಸೆಪ್ಟೆಂಬರ್‌ನಲ್ಲಿ ವಿಷಾನಿಲಕ್ಕೆ ಸಿಕ್ಕಿದ. ಇನ್ನು ಚೇತನದ ಮಾತು. ಯುದ್ಧಕ್ಕೆ ಮೊದಲೇ, 1913ರಲ್ಲಿ, ಮನಸ್ಸು ಒಮ್ಮೆ ಕುಸಿದಿತ್ತು. 1922ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1937ರಲ್ಲಿ ಸಾಯುವವರೆಗೂ ಹೊರಗಿನ ಬದುಕು ಮತ್ತೆ ಸಿಗಲಿಲ್ಲ. ಹದಿನೈದು ವರ್ಷ! ನೀವದನ್ನು 'ಕೊನೆಯ ದಿನಗಳು' ಅಂದುಬಿಟ್ಟಿರಿ. ಆ ದಿನಗಳಲ್ಲೂ ಆತ ಬರೆಯುತ್ತಿದ್ದ, ಗೊತ್ತಲ್ವಾ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಒಬ್ಬ ಮುದುಕ ವಾದ್ಯಗಾರರ ಬಗ್ಗೆ 'ಬಡತನವೇ ಇವರನ್ನು ಕಲಾವಿದರನ್ನಾಗಿಸಿತು' ಅಂತ ಬರೆದಿದ್ದೆ. ಬಹಳ ಹೆಮ್ಮೆ ಆ ಸಾಲಿನ ಮೇಲೆ. ಹಿರಿಯ ಉಪಸಂಪಾದಕರು ಓದಿ, ಕನ್ನಡಕ ತೆಗೆದು, "ಅದೇ ಮನೇಲಿ ಬೆಳೆದ ಅವರ ಅಣ್ಣ ಯಾಕಪ್ಪಾ ಆಗಲಿಲ್ಲ?" ಅಂದರು. ಎರಡು ದಿನ ನಾನು ಅವರನ್ನು ಮಾತಾಡಿಸಲಿಲ್ಲ. ಮೂರನೇ ದಿನ ಸುಮ್ನೆ ಮತ್ತೆ ಆ ಮುದುಕರ ಮನೆಗೆ ಹೋದೆ. "ಅಣ್ಣನಿಗೆ ಬೆಳಗ್ಗೆ ಬೇಗ ಏಳೋಕೆ ಆಗ್ತಿರಲಿಲ್ಲ" ಅಂದರು. ಲೇಖನ ಅಲ್ಲಿಂದ ಶುರುವಾಯಿತು.

ಗರ್ನಿ ಜೊತೆ ಗುಂಡು ತಿಂದವರು ಎಷ್ಟೋ ಜನ. ಅವರೆಲ್ಲ ರಾಗ ಕಟ್ಟಲಿಲ್ಲ.

ಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಮೊದಲ ಎರಡು ಪ್ಯಾರಾ ಹೊಡೆದುಹಾಕಿ, ಕಂದಕದಿಂದ ಶುರು ಮಾಡಿ. ಫೋಟೋಗಳು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.