ಬ್ಯಾಗ್ ಮಾತು ಆಮ್ಯಾಲ, ಮೊದಲು ಫುಲ್ ಚಾರ್ಜ್ ಮಾಡಿ ಇಡೋದು ಬಿಡ್ರಿ

ಯಾವಾಗ ಬೇಕಾದ್ರೂ ಹಾರಿಸ್ಲಾಕ ರೆಡಿ ಇರ್ಲಿ ಅಂತ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಫುಲ್ ಮಾಡಿ ಇಡ್ತೀರಿ, ಒಂದು ಸ್ವಲ್ಪ ಉಬ್ಬ್ಯಾದ, ಇಡ್ಲಾಕ ಬೆಂಕಿ ತಡಿಯೋ ಯಾವ ಸೇಫ್ಟಿ ಬ್ಯಾಗ್ ಚೊಲೋ ಅಂತ ಕೇಳೀರಿ. ನಾನೂ ಹಿಂಗೇ ಇಡ್ತಿದ್ದೆ ರೀ.

ನಮ್ಮನಿ ಕಲಬುರಗಿ ರಿಂಗ್ ರೋಡ್ ಕಡಿ. ಮ್ಯಾಲಿನ ರೂಮಿಗಿ ತಗಡಿನ ಪತ್ರಾ ಹಾಕ್ಯಾರ. ತೊಗರಿ ರಾಶಿ ಆದ ಮ್ಯಾಲ ಖಾಲಿ ಹೊಲದಾಗ ಆರ್‌ಸಿ (ರಿಮೋಟಿನ) ಪ್ಲೇನ್ ಹಾರಿಸ್ತಿದ್ದೆ, 3ಎಸ್ ಅಂದ್ರ ಒಳಗ ಮೂರು ಸೆಲ್ ಇರೋ 2200 ಎಂಎಎಚ್ ಪ್ಯಾಕ್ ಮೂರು ಇದ್ವು. ಏಪ್ರಿಲ್ ಕೊನಿಗಿ ಒಂದು ಶನಿವಾರ ರಾತ್ರಿ, ಕರೆಂಟ್ ಯಾವಾಗ ಹೋಗ್ತದೋ ಅಂತ ಮೂರೂ ಫುಲ್ ಮಾಡಿ ಕಬ್ಬಿಣದ ಅಲ್ಮಾರ್‍ಯಾಗ ಇಟ್ಟೆ, ಮುಂಜಾನಿ ಹಾರಿಸ್ಬೇಕಂತ. ಅಷ್ಟ್ರಾಗ ಯಾದಗಿರಿಯಿಂದ ಫೋನ್ ಬಂತು, ಅಜ್ಜಿಗಿ ಆರಾಮಿಲ್ಲ ಅಂತ, ನಸುಕಿನ್ಯಾಗೇ ಹೊಂಟೆ, ತಿರುಗಿ ಬರ್ಲಾಕ 24 ದಿನ ಆಯ್ತು. ಹೊರಗ 42-43 ಡಿಗ್ರಿ, ಪತ್ರಾದ ಕೆಳಗ ಎಷ್ಟಿರ್ತದ ನೀವೇ ಹೇಳ್ರಿ.

ಬಂದು ಅಲ್ಮಾರಿ ತೆಗೆದ್ರ ನೇಲ್ ಪಾಲಿಶ್ ಒರೆಸೋ ನೀರಿನಂಥ ಒಂದು ಸಿಹಿ ವಾಸನಿ. ಎರಡು ಪ್ಯಾಕ್ ಪೂರಿ ಉಬ್ಬಿದಂಗ ಉಬ್ಬಿದ್ವು. ಮೂರನೇದು ನೋಡ್ಲಾಕ ಸಪಾಟ ಇತ್ತು, ಆದ್ರ ಹೆಬ್ಬೆಟ್ಟಿಲೆ ಒತ್ತಿದ್ರ ಮೆತ್ತಗ ಒಳಗ ಹೋಗಿ ಮತ್ತ ಮ್ಯಾಲ ಬರ್ತಿತ್ತು. ಇದು ಚೊಲೋ ಅದ ಅಂತ ತಿಳ್ಕೊಂಡು ಒಂದು ಸರ್ತಿ ಹೊಲದಾಗ ಹಾರಿಸಿ ಖಾಲಿ ಮಾಡ್ಕೊಂಡು ಬಂದೆ. ಅವತ್ತ ಪ್ಲೇನಿಗಿ ದಮ್ಮೇ ಇರ್ಲಿಲ್ಲ, ನಂಗ ತಿಳೀಲಿಲ್ಲ. ರಾತ್ರಿ ಗಾದಿ ಪಕ್ಕದಾಗ ಇಟ್ಟು 2.2 ಆಂಪಿಯರಿನ್ಯಾಗ ಚಾರ್ಜಿಗಿ ಹಾಕಿ ಕೆಳಗ ಊಟಕ್ಕ ಹೋದೆ. ಎಲ್ಲಾ ಸೆಲ್ ಸಮ ತುಂಬಿಸೋ ಬ್ಯಾಲೆನ್ಸ್ ವೈರ್ ಹಾಕಿದ್ದೆ, ಚಾರ್ಜರಿನ್ಯಾಗ ಸೆಲ್ ಲೆಕ್ಕ ಸರಿ ಇತ್ತು, ಅದರಾಗ ಏನೂ ತಪ್ಪಿರ್ಲಿಲ್ಲ. ರೊಟ್ಟಿ ಮುರಿಲಾಕತ್ತಿದ್ದೆ, ಮ್ಯಾಲಿಂದ ಕುಕ್ಕರ್ ಸೀಟಿ ಹೊಡ್ಯೋಕಿಂತ ಮೊದಲು ಬರ್ತದಲ್ಲ, ಅಂಥ ಸುಯ್ಯ್ ಅನ್ನೋ ಸಪ್ಪಳ. ಓಡಿ ಹೋಗೋದ್ರೊಳಗ ರೂಮ್ ತುಂಬ ಬೆಳ್ಳನ ಹೊಗಿ, ಗಾದಿ ಹತ್ಕೊಂಡಿತ್ತು. ಅವ್ವ ಕೊಡದ ಮ್ಯಾಲ ಕೊಡ ನೀರು ತಂದು ಸುರುವಿದ್ಲು. ಚಾರ್ಜರ್ ಕರಗಿ ಮುದ್ದಿ ಆಯ್ತು, ಕೆಳಗಿನ ಶಹಾಬಾದ್ ಪರ್ಸಿ ಕಲ್ಲು ಸಿಡಿದು ಚಕ್ಕಿ ಎದ್ದಿತ್ತು, ಕರಿ ಕಲಿ ಇನ್ನೂ ಅದ. ಆ ಹೊಗ್ಯಾಗ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷದ ಗ್ಯಾಸ್ ಇರ್ತದ, ಇಬ್ಬರಿಗೂ ಎರಡು ದಿನ ಗಂಟಲ ಉರಿ. ಹೊಗಿ ಕಂಡ್ರ ನೀವು ಒಳಗ ಹೋಗಬ್ಯಾಡ್ರಿ.

ಎಲ್ಲರೂ ಗಾದಿ ಪಕ್ಕ ಇಟ್ಟಿದ್ದೇ ತಪ್ಪು ಅಂದ್ರು. ಅದೂ ತಪ್ಪೇ, ಆದ್ರ ಖರೆ ತಪ್ಪು ಆಗಿದ್ದು 24 ದಿನ ಮೊದಲು, ಆ ಶನಿವಾರ ರಾತ್ರಿ. ನಮ್ಮಪ್ಪ ಟ್ರ್ಯಾಕ್ಟರ್ ಬ್ಯಾಟರಿ, ಇನ್ವರ್ಟರ್ ಬ್ಯಾಟರಿ ನೋಡ್ಕೊಂಡೇ ಬೆಳೆದವ್ರು, "ಬ್ಯಾಟರಿ ಖಾಲಿ ಇಡಬ್ಯಾಡ, ಯಾವಾಗೂ ಫುಲ್ ಇಡು" ಅಂತ ಸಣ್ಣವಿದ್ದಾಗಿಂದ ಹೇಳ್ತಿದ್ರು. ಆ ಮಾತು ಸೀಸದ ಬ್ಯಾಟರಿಗಿ ಖರೆ, ಖಾಲಿ ಇಟ್ರ ಅದರ ಪ್ಲೇಟಿನ ಮ್ಯಾಲ ಸಲ್ಫೇಟ್ ಕೂತು ಹಾಳಾಗ್ತದ. ಲಿಪೋಕ್ಕ ಆ ಮಾತು ಹೊಂದಂಗಿಲ್ಲ, ಪೂರಾ ಖಾಲಿನೂ ಇಡಬಾರ್ದು, ಫುಲ್ಲೂ ಇಡಬಾರ್ದು. ಸೆಲ್ಲಿಗಿ 4.2 ವೋಲ್ಟ್, ಅಂದ್ರ ಫುಲ್ ಇದ್ದಾಗ ಒಳಗಿನ ಎಲೆಕ್ಟ್ರೋಲೈಟ್ ದ್ರವ ಸುಮ್ನ ಇರಂಗಿಲ್ಲ, ಧನ (ಪ್ಲಸ್) ತುದಿ ಕಡಿ ಸ್ವಲ್ಪ ಸ್ವಲ್ಪ ಒಡಿತಾ ಗ್ಯಾಸ್ ಆಗ್ತದ, ಬಿಸಿ ಹೆಚ್ಚಾದಂಗ ಅದೇ ಕೆಲಸ ಜೋರಾಗ್ತದ, ಹೊರಗ ಗಟ್ಟಿ ಡಬ್ಬಿ ಇಲ್ಲ, ತೆಳ್ಳನ ಚೀಲ ಅಷ್ಟೇ, ಅದಕ್ಕ ಉಬ್ಬ್ತದ. ಅಂದ್ರ ನಾನು ಹಾರಿಸ್ದೇ, ಮುಟ್ಟದೇ, ಬರೇ ಇಟ್ಟೇ ಮೂರೂ ಪ್ಯಾಕ್ ಕೆಡಿಸಿದ್ದೆ.

ಅದಕ್ಕ ನಿಮ್ಮ ಬ್ಯಾಗಿನ ಪ್ರಶ್ನೇನೇ ನಾ ಒಪ್ಪಂಗಿಲ್ಲ. ಬ್ಯಾಗ್ ಬೆಂಕಿ ಸ್ವಲ್ಪ ತಡಿತದ, ಹೊಗಿ ತಡ್ಯಂಗಿಲ್ಲ, ಉಬ್ಬೋದಂತೂ ತಡ್ಯಂಗೇ ಇಲ್ಲ. ಚಾರ್ಜರಿನ್ಯಾಗ ಸ್ಟೋರೇಜ್ ಮೋಡ್ ಅಂತ ಇರ್ತದ, ಸೆಲ್ಲಿಗಿ 3.8ರಿಂದ 3.85ಕ್ಕ ತಂದು ನಿಲ್ಲಿಸ್ತದ, 3ಎಸ್‌ಗಿ ಹೆಚ್ಚುಕಮ್ಮಿ 11.5 ವೋಲ್ಟ್, ಹಂಗ ಇಡ್ರಿ. ಅಲ್ಲಿಂದ ಫುಲ್ ಮಾಡ್ಲಾಕ ಮುಕ್ಕಾಲು ತಾಸು ಸಾಕು, ಹಾರಿಸೋ ದಿನ ಮುಂಜಾನಿ ಎದ್ದು ಮಾಡ್ರಿ. ಫುಲ್ ಆದ ಮ್ಯಾಲ ಹೋಗೋದು ರದ್ದಾದ್ರ ಅವತ್ತೇ ಮತ್ತ ಸ್ಟೋರೇಜ್ ಮೋಡಿಗಿ ಇಳಿಸ್ರಿ, ಸಣ್ಣ ಚಾರ್ಜರ್ ಎರಡ್ಮೂರು ತಾಸು ತಗೋತದ, ತಗೊಳ್ಳಿ. ಮದುವಿ ಶೂಟಿಂಗ್ ಹುಡುಗ್ರು "ನಮ್ದು ಫುಲ್ಲೇ ಇರ್ತದ, ಏನೂ ಆಗಂಗಿಲ್ಲ" ಅಂತಾರ, ಅವರ ಡಿಜೆಐ ಕಂಪನಿ ಡ್ರೋನ್ ಬ್ಯಾಟರ್‍ಯಾಗ ಸರ್ಕ್ಯೂಟ್ ಅದ, ಕೆಲವು ದಿನ ಬಿಟ್ರ ತಾನೇ ಇಳಿಸ್ಕೋತದ. ನಮ್ಮ ಪ್ಯಾಕಿಗಿ ಅದಿಲ್ಲ. ನಾನೀಗ ಕೆಳಗಿನ ತಂಪು ರೂಮಿನ್ಯಾಗ ಇಡ್ತೀನಿ, ಚಾರ್ಜ್ ಅಂಗಳದಾಗ ಪರ್ಸಿ ಮ್ಯಾಲ, ಬಾಜೂಕ ಉಸುಕಿನ ಬಕೇಟ್, ಮುಗಿಯೋ ತನಕ ಅಲ್ಲೇ ಕೂಡ್ತೀನಿ.

ಇನ್ನ ಆ ಉಬ್ಬಿದ್ದು. ಸೂಜಿ ಚುಚ್ಚಬ್ಯಾಡ್ರಿ, ಇನ್ನೊಂದು ಸರ್ತಿ ಚಾರ್ಜಿಗಿ ಹಾಕಬ್ಯಾಡ್ರಿ. ಇವತ್ತೇ ಮನಿ ಹೊರಗ, ನೆಳ್ಳಿನ್ಯಾಗ, ಉಸುಕು ತುಂಬಿದ ಬಕೇಟಿನ್ಯಾಗ ಇಡ್ರಿ, ಗಾಡಿ ಇಂಡಿಕೇಟರಿನ 12 ವೋಲ್ಟ್ ಬಲ್ಬ್ ಹಚ್ಚಿ ಪೂರಾ ಆರೋ ತನಕ ಬಿಡ್ರಿ, ಆಮ್ಯಾಲ ತುದಿಗಿ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ, ಕಸದ ಗಾಡಿಗಿ ಹಾಕಬ್ಯಾಡ್ರಿ.